ಎರಡೂವರೆ ಬೆರಳಿನ ಬಾಲ

ನನ್ನ ಎಡಗೈ ಬಲಗೈಗಿಂತ ಸಣ್ಣದು. ಅರ್ಧ ತೋಳಿನ ಅಂಗಿ ಹಾಕಿದ ದಿನ ಬಸ್ಸಿನಲ್ಲಿ ಎದುರು ಕೂತವರು ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ ನೋಡುತ್ತಾರೆ, ಆಮೇಲೆ ಕಿಟಕಿಯಾಚೆ ನೋಡುತ್ತಾರೆ. ಸ್ವಲ್ಪ ಧೈರ್ಯದವರು "ಪೋಲಿಯೋನಾ ಸಾರ್?" ಎಂದು ಕೇಳುತ್ತಾರೆ. ಅಲ್ಲ ಅಂದರೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ, ಹೌದು ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಎಷ್ಟೋ ಸಲ ಹೌದು ಅಂದುಬಿಟ್ಟಿದ್ದೇನೆ. ಈಗ ನಿಜ ಹೇಳಬೇಕು ಅನ್ನಿಸಿದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಎರಡೂ ಕೈ ಪಕ್ಕಪಕ್ಕ ಇಟ್ಟು ನೋಡಿಕೊಳ್ಳುವ ಹುಡುಗರು ಈಗಲೂ ಎಲ್ಲೋ ಇದ್ದೇ ಇರುತ್ತಾರೆ. ನಾನೂ ಹಾಗೆ ನೋಡಿಕೊಂಡವನೇ.

ನಮ್ಮೂರು ಪುಟ್ಟೇನಹಳ್ಳಿ. ನಾನು ಚಿಕ್ಕವನಿದ್ದಾಗ ಅದು ಇನ್ನೂ ಊರೇ ಆಗಿತ್ತು. ಕೆರೆಯ ಪಕ್ಕದಲ್ಲಿ ಅಪ್ಪ ಸೊಪ್ಪು, ಸೇವಂತಿಗೆ ಬೆಳೆಯುತ್ತಿದ್ದರು. ಬಡಾವಣೆಯ ಕಲ್ಲುಗಳು ನಮ್ಮ ಹೊಲದವರೆಗೂ ಬಂದ ಮೇಲೆ ಹೊಲ ಹೋಯಿತು. ಉಳಿದ ತುಂಡು ಜಾಗದಲ್ಲಿ ಮೂರು ಬಾಡಿಗೆ ಮನೆ ಎದ್ದವು. ಅಪ್ಪನಿಗೆ ಮಾಡಲು ಕೆಲಸವಿಲ್ಲದಂತಾಯಿತು, ನನಗೆ ಜಯನಗರದ ಕಾಲೇಜಿಗೆ ಹೋಗುವ ಭಾಗ್ಯ ಸಿಕ್ಕಿತು. ಕಾಲೇಜಿನಲ್ಲಿ ನಾನು ಕಲಿತದ್ದು ಅಷ್ಟಕ್ಕಷ್ಟೇ. ಸಂಜೆಯಾದರೆ ಹತ್ತಿರದ ಮಣ್ಣಿನ ಕೋರ್ಟಿಗೆ ಓಡುತ್ತಿದ್ದೆ. ಅಲ್ಲಿ ಬಾಲ್ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ಒಂದೊಂದು ಕಡೆ ಐದೈದು ಜನ, ಹಳದಿ ಉಣ್ಣೆಯ ಚೆಂಡು, ಮರದ ಬ್ಯಾಟು, ಕಾಲ ಕೆಳಗೆ ಕೆಂಪು ಧೂಳು.

ಕೋರ್ಟಿನ ಹಿರಿಯರು ರಂಗಣ್ಣ. ಫ್ಯಾಕ್ಟರಿಯಲ್ಲಿ ಟರ್ನರ್ ಕೆಲಸ, ಯಂತ್ರದಲ್ಲಿ ಕಬ್ಬಿಣವನ್ನು ಅಳತೆಗೆ ಸರಿಯಾಗಿ ಕಡೆಯುವುದು. ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಸೈಕಲ್ಲಿನಲ್ಲಿ ಬಂದು ನಮಗೆ ಆಟ ಹೇಳಿಕೊಡುತ್ತಿದ್ದರು. ಯಾರಾದರೂ ಸಾರ್ ಅಂದರೆ ಬೈಗುಳ ಗ್ಯಾರಂಟಿ. ಆಟಗಾರನ ಮುಖಕ್ಕಿಂತ ಮೈ ನೋಡಿ ಮಾತಾಡುವ ಮನುಷ್ಯ. ತೊಡೆ ಸಾಲದು, ಮೀನಖಂಡ ಬಂದಿಲ್ಲ, ಹೊಟ್ಟೆ ಮುಂದೆ ಬಂತು, ಮುದ್ದೆ ಕಡಿಮೆ ಮಾಡು, ಹೀಗೆ. ಅವರ ಪಾಲಿಗೆ ಆಟಗಾರನ ಜಾತಕವೆಲ್ಲ ಬ್ಯಾಟು ಹಿಡಿಯುವ ಕೈಯಲ್ಲಿ ಇತ್ತು. ದಿನಾ ಆಡುವವನಿಗೆ ಆ ಕೈ ಇನ್ನೊಂದಕ್ಕಿಂತ ದಪ್ಪಗಾಗುವುದು ಮಾಮೂಲು. ಎಷ್ಟು ದಪ್ಪಗಾಯಿತು ಎಂದು ತಿಳಿಯಲು ನಮ್ಮಲ್ಲಿ ಒಂದು ಪದ್ಧತಿ ಇತ್ತು.

ಆಯುಧಪೂಜೆಯ ಬೆಳಗ್ಗೆ ಬ್ಯಾಟುಗಳನ್ನೆಲ್ಲ ನೆಟ್ಟಿನ ಕಂಬಕ್ಕೆ ಒರಗಿಸಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆಯುತ್ತಿದ್ದೆವು. ಆಮೇಲೆ ರಂಗಣ್ಣ ಅರಿಶಿನದ ದಾರದ ಉಂಡೆ ತೆಗೆಯುತ್ತಿದ್ದರು. ಒಬ್ಬೊಬ್ಬನ ಬಲಗೈಗೆ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ದಾರ ಸುತ್ತಿ, ತುದಿಗೆ ತುದಿ ಸೇರಿದ ಕಡೆ ಕತ್ತರಿಸುವುದು. ಅದೇ ದಾರವನ್ನು ಎಡಗೈಗೆ ಅದೇ ಜಾಗದಲ್ಲಿ ಸುತ್ತುವುದು. ಎಡಗೈ ಸಣ್ಣದಿರುವುದರಿಂದ ದಾರ ಮಿಗುತ್ತದೆ. ಸೇರಿದ ಕಡೆ ಗಂಟು ಗುರುತು ಹಾಕಿ, ಮಿಕ್ಕಿದ್ದನ್ನು ಬೆರಳಿನಲ್ಲಿ ಅಳೆಯುವುದು. ಆ ಮಿಕ್ಕಿದ್ದಕ್ಕೆ ನಮ್ಮ ಕೋರ್ಟಿನಲ್ಲಿ ಬಾಲ ಅಂತ ಹೆಸರು. ಬಾಲ ಉದ್ದವಿದ್ದಷ್ಟೂ ಬಲಗೈ ಬೆಳೆದಿದೆ ಎಂದು ಲೆಕ್ಕ. ಎಲ್ಲರಿಗಿಂತ ಉದ್ದ ಬಾಲ ಇದ್ದವನು ಆ ವರ್ಷದ ಮೊದಲ ಸರ್ವೀಸ್ ಮಾಡಬೇಕು. ದಾರವನ್ನು ಅವನವನ ಬ್ಯಾಟಿನ ಹಿಡಿಗೆ ಸುತ್ತಿ ಬಿಡುತ್ತಿದ್ದರು, ಅದರ ಮೇಲೆ ಮುಂದಿನ ವರ್ಷದ್ದು.

ಮೊದಲ ವರ್ಷ ನನ್ನ ಬಾಲ ಒಂದು ಬೆರಳು. ಎರಡನೇ ವರ್ಷ ಒಂದೂವರೆ. ಮೂರನೇ ವರ್ಷ ರಂಗಣ್ಣ ಎರಡು ಸಲ ಅಳೆದರು, ನಂಬಿಕೆ ಬರಲಿಲ್ಲವೋ ಏನೋ. ಎರಡೂವರೆ ಬೆರಳು. "ಏನ್ ತಿಂತೀಯೋ ನಾಗ? ಸಖತ್ತಾಗಿ ಬಂದಿದೆ ಕೈ" ಎಂದು ಬೆನ್ನಿಗೆ ಹೊಡೆದರು. ಹುಡುಗರು ಹೆಗಲ ಮೇಲೆ ಹೊತ್ತು ಕೋರ್ಟು ಸುತ್ತಿಸಿದರು. ಆ ವರ್ಷ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಕರೆ ಬರಬಹುದೆಂದು ರಂಗಣ್ಣ ಎಲ್ಲರೆದುರಿಗೆ ಹೇಳಿದರು. ನಾನು ಮನೆಗೆ ಬಂದು ಅಮ್ಮನಿಗೆ ಬಲಗೈ ಮಡಚಿ ತೋರಿಸಿದೆ. ಎಡಗೈಯನ್ನು ಯಾರಿಗೂ ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ಚಳಿಗಾಲ ಬಂದ ಮೇಲೆ ಆಟದಲ್ಲಿ ಎಡವಟ್ಟು ಶುರುವಾಯಿತು. ಸರ್ವೀಸ್ ಮಾಡುವಾಗ ಎಡಗೈಯ ಬೆರಳ ತುದಿಯಲ್ಲಿ ಚೆಂಡು ಹಿಡಿದು ಸೊಂಟದ ಹತ್ತಿರ ಬಿಡಬೇಕು, ಬ್ಯಾಟು ಅದನ್ನು ಕೆಳಗಿನಿಂದ ಎತ್ತಬೇಕು. ನಾನು ಬಿಡುವ ಮೊದಲೇ ಚೆಂಡು ಬಿದ್ದುಹೋಗುತ್ತಿತ್ತು. ಬೆಳಗಿನ ಹೊತ್ತು ಬೆರಳುಗಳು ಸೆಟೆದು ನಿಲ್ಲುತ್ತಿದ್ದವು, ಮಡಚು ಅಂದರೆ ಮಡಚುತ್ತಿರಲಿಲ್ಲ. ಚಾಚಿದರೆ ಸಣ್ಣಗೆ ನಡುಗುತ್ತಿದ್ದವು. ಬನಶಂಕರಿಯ ತಂಡದ ಮೇಲೆ ಆಡುವಾಗ ಮೂರು ಸರ್ವೀಸ್ ನೆಲದ ಪಾಲಾದವು. ಎದುರಿನವರು ನಕ್ಕರು, ನಮ್ಮವರು ತಲೆ ತಗ್ಗಿಸಿದರು.

"ಎಡಗೈ ಸೋಮಾರಿ ಆಗಿದೆ ಕಣೋ" ಎಂದರು ರಂಗಣ್ಣ. "ಬಲಗೈಗೇ ಎಲ್ಲಾ ಕೆಲಸ ಕೊಟ್ಟು ಅದನ್ನ ಕೂರಿಸಿಬಿಟ್ಟಿದ್ದೀಯ. ದಿನಾ ಬೆಳಗ್ಗೆ ಎಡಗೈಲಿ ನೀರಿನ ಬಕೆಟ್ ಎತ್ತು, ನೂರು ಸಲ."

ಎತ್ತಿದೆ. ಒಂದು ತಿಂಗಳು ಎತ್ತಿದೆ. ಬಕೆಟ್ಟಿನ ಹಿಡಿ ಬೆರಳಿಂದ ಜಾರಿ ಕಾಲ ಮೇಲೆ ಬಿದ್ದ ದಿನ ಅಮ್ಮ ನನ್ನ ಎರಡೂ ಕೈ ಹಿಡಿದು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಅವಳಿಗೆ ಹೊಳೆದದ್ದು ಇನ್ನೊಂದು ಕಾರಣ.

"ಈ ಬಲಗೈ ಎಲ್ಲಾನೂ ತಾನೇ ಉಂಡ್ಬಿಟ್ಟಿದೆ. ಇದಕ್ಕೆ ಏನೂ ಉಳಿಸಿಲ್ಲ."

ಅಂದಿನಿಂದ ಎಡಗೈಗೆ ಮಾತ್ರ ಹರಳೆಣ್ಣೆ ತಿಕ್ಕಿದಳು. ಬನಶಂಕರಿ ದೇವಸ್ಥಾನದಲ್ಲಿ ಒಂಬತ್ತು ನಿಂಬೆಹಣ್ಣಿನ ದೀಪ ಹಚ್ಚುವ ಹರಕೆ ಹೊತ್ತಳು. ನಿಂಬೆಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗಿನದು ಹೊರಗೆ ಮಾಡಿ ಬತ್ತಿ ಇಡಬೇಕು. ಹರಕೆ ನನ್ನ ಕೈಯ ಸಲುವಾಗಿ ಆದ್ದರಿಂದ ನಾನೇ ಮಾಡಬೇಕೆಂದಳು. ಆ ಸಿಪ್ಪೆ ಮಗುಚುವುದಕ್ಕೂ ನನ್ನಿಂದ ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಯಾರೋ ಅಜ್ಜಿ ಏನೂ ಕೇಳದೆ ನನ್ನ ಕೈಯಿಂದ ತೆಗೆದುಕೊಂಡು ಒಂಬತ್ತೂ ಮಗುಚಿಕೊಟ್ಟಳು. ಅಲ್ಲೇ ನನಗೆ ಮೊದಲ ಸಲ ಭಯವಾದದ್ದು.

ಜಯನಗರದ ಡಾಕ್ಟರರು ಬಿ ಕಾಂಪ್ಲೆಕ್ಸ್ ಚುಚ್ಚಿದರು. ಆರು ವಾರ ಕಳೆದ ಮೇಲೆ ತಾವೇ ಚೀಟಿ ಬರೆದುಕೊಟ್ಟು ದೊಡ್ಡಾಸ್ಪತ್ರೆಗೆ ಹೋಗು ಅಂದರು. ಆ ಆಸ್ಪತ್ರೆಯಲ್ಲಿ ನರಗಳ ರೋಗಕ್ಕೂ ಮನಸ್ಸಿನ ರೋಗಕ್ಕೂ ಒಂದೇ ಗೇಟು. ನಾನೂ ಅಪ್ಪನೂ ಆ ಸ್ಟಾಪಿನಲ್ಲಿ ಇಳಿದದ್ದನ್ನು ನಮ್ಮೂರಿನ ಯಾರೋ ನೋಡಿದರು. ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು, ಬಾಲ್ ಬ್ಯಾಡ್ಮಿಂಟನ್ ಆಡಿ ಆಡಿ ನಾಗನಿಗೆ ತಲೆ ಕೆಟ್ಟಿದೆಯಂತೆ. ಬಾಡಿಗೆ ಮನೆಯ ಆಂಟಿಯೊಬ್ಬರು ಮಕ್ಕಳನ್ನು ಒಳಗೆ ಕರೆದುಕೊಂಡರು. ಆಗ ಅಳು ಬಂದಿತ್ತು. ಆಮೇಲೆ ಆ ಹೆಸರನ್ನು ಚೆನ್ನಾಗಿಯೇ ಬಳಸಿಕೊಂಡೆ, ಇಷ್ಟವಿಲ್ಲದ ಮದುವೆಮನೆಗೆ ಹೋಗದೆ ತಪ್ಪಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ.

ಅಲ್ಲಿನ ಕಾಯುವ ಜಾಗದಲ್ಲಿ ಉದ್ದದ ಬೆಂಚುಗಳು. ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೆ, ಗೋಡೆಯ ಮೇಲಿನ ಬೋರ್ಡುಗಳನ್ನು ಓದುತ್ತಿದ್ದೆ, ನಲ್ಲಿ ನೀರು ಕುಡಿಯುತ್ತಿದ್ದೆ. ಅಪ್ಪ ಮಾತ್ರ ನನ್ನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಲ್ಲೇ ಕೂತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಪಕ್ಕದವನ ಚೀಟಿಗೂ ನನ್ನದಕ್ಕೂ ಅದಲುಬದಲಾಗಿಬಿಟ್ಟರೆ ಎಂಬ ಹೆದರಿಕೆ ಎಂದು ಆಮೇಲೆ ಹೇಳಿದರು.

ಡಾಕ್ಟರು ನಲವತ್ತು ದಾಟಿದವರು, ಮೆಲ್ಲಗೆ ಮಾತಾಡುವವರು. ಎರಡೂ ಕೈಗೆ ಟೇಪು ಹಿಡಿದರು, ಬೆರಳು ಒಂದೊಂದನ್ನೇ ಒತ್ತಿಸಿದರು.

"ಯಾವಾಗಿಂದ ಹೀಗೆ?"

"ಮೂರು ನಾಲ್ಕು ತಿಂಗಳು ಸಾರ್, ಚಳಿ ಶುರು ಆದಾಗಿಂದ."

"ಮೂರು ನಾಲ್ಕು ತಿಂಗಳಲ್ಲಿ ಇಷ್ಟು ಸಣ್ಣಗಾಗಲ್ಲಪ್ಪ."

"ಸಣ್ಣಗಾಗಿಲ್ಲ ಸಾರ್. ಎಡಗೈ ಮೊದಲಿಂದ ಇಷ್ಟೇ. ಬಲಗೈ ದಪ್ಪಗಾಗಿದೆ, ಆಡ್ತೀನಲ್ಲ ಅದಕ್ಕೆ." ಹೇಳುವಾಗ ನನಗೆ ಹೆಮ್ಮೆಯೇ ಇತ್ತು. ದಾರ, ಬಾಲ, ಎರಡೂವರೆ ಬೆರಳು ಎಲ್ಲವನ್ನೂ ವಿವರಿಸಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಸರಿ. ಮೂರು ವರ್ಷದ ಹಿಂದೆ ಬಲಗೈ ಎಷ್ಟಿತ್ತು?"

ನನಗೆ ಗೊತ್ತಿರಲಿಲ್ಲ. ಬಾಲ ಎಷ್ಟೆಂದು ಗೊತ್ತಿತ್ತು, ಕೈ ಎಷ್ಟೆಂದು ನಮ್ಮಲ್ಲಿ ಯಾರೂ ನೋಡಿರಲಿಲ್ಲ. "ಆ ದಾರಗಳು ಇದ್ರೆ ನೋಡು" ಎಂದರು.

ಮಧ್ಯಾಹ್ನ ಮನೆಗೆ ಬಂದವನೇ ಬ್ಯಾಟು ತೆಗೆದು ಜಗಲಿಯ ಮೇಲೆ ಕೂತೆ. ಹಿಡಿಗೆ ಸುತ್ತಿದ್ದ ದಾರ ಬಿಚ್ಚಲು ನನ್ನ ಎಡಗೈಗೆ ಬರದೆ ಅಮ್ಮ ಬಿಚ್ಚಿದಳು. ಬೆವರು, ಧೂಳು ಕುಡಿದು ಕಪ್ಪಗಾಗಿದ್ದ ಮೂರು ದಾರಗಳು. ನೆನೆಸಿ, ನೇರ ಮಾಡಿ, ನೆಲದ ಮೇಲೆ ಒಂದರ ಪಕ್ಕ ಒಂದು ಇಟ್ಟೆವು. ಬಲಗೈ ಬೆಳೆದಿದ್ದರೆ ಪ್ರತಿ ವರ್ಷದ ದಾರ ಹಿಂದಿನದಕ್ಕಿಂತ ಉದ್ದವಿರಬೇಕಿತ್ತು. ಮೂರೂ ಒಂದೇ ಉದ್ದ. ಕೂದಲಷ್ಟೂ ಹೆಚ್ಚುಕಡಿಮೆ ಇಲ್ಲ. ಗಂಟು ಮಾತ್ರ ವರ್ಷದಿಂದ ವರ್ಷಕ್ಕೆ ಒಳಗೆ ಸರಿದಿತ್ತು. ನನ್ನ ಬಲಗೈ ಮೂರು ವರ್ಷದಲ್ಲಿ ಒಂದು ನೂಲೂ ಬೆಳೆದಿರಲಿಲ್ಲ. ಎಡಗೈ ಕರಗುತ್ತಾ ಬಂದಿತ್ತು. ಅದು ಕರಗಿದ್ದಕ್ಕೆ ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದರು.

ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಲಗೈಯನ್ನು ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು, "ಪಾಪ, ಸುಮ್ನೆ ಇದನ್ನ ಬೈದ್ಬಿಟ್ಟೆ" ಎಂದಳು.

ಡಾಕ್ಟರಿಗೆ ದಾರಗಳನ್ನು ಕೊಟ್ಟಾಗ ಅವರು ಬಹಳ ಹೊತ್ತು ನೋಡಿದರು. ಒಂದು ಬಿಳಿ ಹಾಳೆಯ ಮೇಲೆ ಗೋಂದು ಹಚ್ಚಿ ಮೂರನ್ನೂ ಅಂಟಿಸಿ, ಪಕ್ಕದಲ್ಲಿ ವರ್ಷ ಬರೆದು ನನ್ನ ಫೈಲಿಗೆ ಸೇರಿಸಿದರು. ಇಷ್ಟು ವರ್ಷದಲ್ಲಿ ಯಾವ ಪೇಷಂಟೂ ಇಂಥ ಲೆಕ್ಕ ತಂದುಕೊಟ್ಟಿಲ್ಲ ಎಂದರು. ನನಗೆ ಯಾಕೋ ನಗು ಬಂತು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಸೂಜಿಯ ಪರೀಕ್ಷೆಗೆ ಕಳಿಸಿದರು. ತಂತಿ ಇರುವ ಸೂಜಿಯನ್ನು ಮಾಂಸಖಂಡಕ್ಕೆ ಚುಚ್ಚಿ, ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಒಂದು ಪೆಟ್ಟಿಗೆಯಲ್ಲಿ ಕೇಳುತ್ತಾರೆ. ಹಿಂದೆ ಲಾಡಿ ಕಟ್ಟುವ ಅಂಗಿ ಕೊಟ್ಟಿದ್ದರು, ನನಗೆ ಕಟ್ಟಲಾಗದೆ ಒದ್ದಾಡುತ್ತಿದ್ದೆ. ಅಲ್ಲಿನ ಆಯಾ ಬಂದು ಕಟ್ಟಿ, ತಣ್ಣಗಿದ್ದ ಎಡಗೈಯನ್ನು ನನ್ನ ಕಂಕುಳಿಗೇ ಸಿಕ್ಕಿಸಿದಳು.

"ಹಿಂಗೆ ಇಟ್ಕೋ ಮಗಾ. ಬೆಚ್ಚಗಾದ್ರೆ ಬೆರಳು ಮಾತು ಕೇಳ್ತವೆ."

ನಿಜವಾಗಿಯೂ ಕೇಳಿದವು. ಇಡೀ ಕಾಯಿಲೆಯಲ್ಲಿ ನನಗೆ ಸಿಕ್ಕ ಮೊದಲ ಔಷಧ ಅದು. ಈಗಲೂ ಚಳಿಯಲ್ಲಿ ಹಾಗೇ ಮಾಡುತ್ತೇನೆ.

ಎಡಗೈಗೆ ಚುಚ್ಚಿದಾಗ ಪೆಟ್ಟಿಗೆಯೊಳಗೆ ಮಂಡಕ್ಕಿ ಸಿಡಿದಂತೆ ಸದ್ದು. ಸುಮ್ಮನಿರುವ ಕೈ ಸುಮ್ಮನಿರಬೇಕಂತೆ, ಸದ್ದು ಬರಬಾರದಂತೆ. ಕಾಲುಗಳು ಸುಮ್ಮನಿದ್ದವು. ಆಮೇಲೆ ಬಲಗೈ. ಡಾಕ್ಟರು ಸೂಜಿಯನ್ನು ಅಲ್ಲಿ ಬಹಳ ಹೊತ್ತು ಇಟ್ಟರು. ಒಂದು ಸಲ ಟಪ್ ಅಂದಿತು. ಸ್ವಲ್ಪ ತಡೆದು ಇನ್ನೊಂದು ಟಪ್.

"ಅಲ್ಲೂ ಇದೆಯಾ ಸಾರ್?"

ಅವರು ಸುಳ್ಳು ಹೇಳಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಈಗಲೂ ಗೌರವ. "ಒಂಚೂರು ಸದ್ದು ಇದೆ. ಅದಕ್ಕೆ ಅರ್ಥ ಇರಬಹುದು, ಇಲ್ಲದೇನೂ ಇರಬಹುದು. ನೋಡಪ್ಪ ನಾಗರಾಜ, ನಿನ್ನ ಥರದ ಹುಡುಗರು ಇಲ್ಲಿಗೆ ಬರ್ತಿರ್ತಾರೆ. ಒಂದು ಕೈಯೋ ಒಂದು ಕಾಲೋ ಸಣ್ಣಗಾಗುತ್ತೆ, ಕೆಲವು ವರ್ಷ ಆದ್ಮೇಲೆ ತಾನೇ ನಿಂತುಬಿಡುತ್ತೆ. ಯಾಕೆ ಬಂತು, ಯಾಕೆ ನಿಲ್ತು ಅಂತ ನಮಗಿನ್ನೂ ಸರಿಯಾಗಿ ಗೊತ್ತಿಲ್ಲ. ಆದ್ರೆ ಹೀಗೇ ಶುರುವಾಗಿ ನಿಲ್ಲದೇ ಇರೋ ಕಾಯಿಲೆ ಇನ್ನೊಂದಿದೆ. ನಿಂದು ಯಾವುದು ಅಂತ ಕಾಲವೇ ಹೇಳಬೇಕು."

"ಎಷ್ಟು ಕಾಲ?"

"ಎರಡು ವರ್ಷ ನೋಡೋಣ. ಆರು ತಿಂಗಳಿಗೊಮ್ಮೆ ಬಾ."

ಅಪ್ಪ ಒಂದೇ ಪ್ರಶ್ನೆ ಕೇಳಿದರು. "ಬಲಗೈಗೆ ಬರ್ತದಾ ಸಾಮಿ?" ಡಾಕ್ಟರು ಅವರ ಭುಜ ಮುಟ್ಟಿದರು. ಆ ದಿನದಿಂದ ನಮ್ಮ ಮನೆಯಲ್ಲಿದ್ದ ಪ್ರಶ್ನೆ ಅದೊಂದೇ. ಎಡಗೈ ಹೋಯಿತು ಎಂದು ಎಲ್ಲರೂ ಒಳಗೊಳಗೇ ಒಪ್ಪಿದ್ದೆವು. ಬಲಗೈಯೂ ಹೋದರೆ ಅನ್ನ ಕಲಸಿಕೊಳ್ಳುವುದು ಹೇಗೆ, ಆಮೇಲೆ ಕಾಲು ಹೋದರೆ, ಉಸಿರು ಹೋದರೆ ಎಂದು ನಾನು ಮಾತ್ರ ಪೂರ್ತಿ ದಾರಿ ಯೋಚಿಸುತ್ತಿದ್ದೆ.

ಆ ಎರಡು ವರ್ಷ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಪುಟ್ಟೇನಹಳ್ಳಿಯಿಂದ ಜಯನಗರಕ್ಕೆ, ಅಲ್ಲಿಂದ ಬನಶಂಕರಿಗೆ, ಅಲ್ಲಿಂದ ಪದ್ಮನಾಭನಗರದ ಕಡೆಯಿಂದ ಸುತ್ತು ಹಾಕಿ ಮನೆಗೆ, ಹೀಗೆ ನಡೆದು ಚಪ್ಪಲಿ ಸವೆಸಿದೆ. ನಡೆಯುವಾಗ ಬಲಗೈಯ ಹೆಬ್ಬೆರಳನ್ನು ಪ್ರತಿ ಬೆರಳಿಗೂ ಮುಟ್ಟಿಸುತ್ತಾ ಹೋಗುತ್ತಿದ್ದೆ. ಕಾಫಿ ಲೋಟ ಸ್ವಲ್ಪ ಭಾರ ಅನ್ನಿಸಿದರೆ ಅಂದಿನ ದಿನ ಹಾಳು. ಕಾಲೇಜು ಬಿಟ್ಟೆ. ಸ್ಪೋರ್ಟ್ಸ್ ಕೋಟಾದ ಕರೆ ಬಂತು, ಹೋಗಲಿಲ್ಲ. ಅಲ್ಲಿ ಡಾಕ್ಟರ್ ಪರೀಕ್ಷೆ ಇತ್ತು.

ಮತ್ತೆ ಅಳತೆಯ ಹುಚ್ಚು. ದಿನಕ್ಕೆ ಹತ್ತು ಸಲ ಬಲಗೈ ಅಳೆಯುತ್ತಿದ್ದೆ. ಮೊದಲು ಶೂ ಲೇಸಿನಲ್ಲಿ. ಅಮ್ಮ ಅದನ್ನು ಬಚ್ಚಿಟ್ಟಳು. ಹೂ ಕಟ್ಟುವ ದಾರ ತೆಗೆದುಕೊಂಡೆ. ಅದನ್ನೂ ಬಚ್ಚಿಟ್ಟಳು, ಎರಡು ವಾರ ದೇವರಿಗೆ ಬಿಡಿ ಹೂವೇ ಗತಿಯಾಯಿತು. ನಾನು ಪೇಪರಿನ ಅಂಚು ಹರಿದು ಅಳೆದೆ. ಒಂದು ಬೆಳಗ್ಗೆ ಆ ಕಾಗದದ ಪಟ್ಟಿಯ ತುದಿಗಳು ಒಂದರ ಮೇಲೊಂದು ಉಗುರಿನಷ್ಟು ಏರಿ ಕೂತವು. ಹಿಂದಿನ ದಿನ ಸರಿಯಾಗಿ ತುದಿಗೆ ತುದಿ ಸೇರಿತ್ತು. ಬಲಗೈ ಕರಗಲು ಶುರುವಾಯಿತು ಎಂದು ತಿಂಡಿಯನ್ನೂ ತಿನ್ನದೆ ಬಸ್ಸು ಹತ್ತಿದೆ. ಅಪ್ಪ ಹಿಂದೆಯೇ ಓಡಿ ಬಂದರು. ಅದು ನಮ್ಮ ಸರದಿಯ ದಿನವಲ್ಲ, ಬಾಗಿಲಲ್ಲೇ ತಡೆದರು. ನಾನು ಕೈ ಚಾಚಿಕೊಂಡು ಅಲ್ಲೇ ಕೂಗಾಡಿದೆ. ಆ ಗೇಟಿನೊಳಗೆ ಕೂಗಾಡುವವರು ಹೊಸಬರಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಕೊನೆಗೆ ಡಾಕ್ಟರೇ ಹೊರಗೆ ಬಂದು ಒಳಗೆ ಕರೆದೊಯ್ದು ಟೇಪು ಹಿಡಿದರು. ಹಿಂದಿನಷ್ಟೇ ಇತ್ತು.

"ನಿನ್ನೆ ಎಷ್ಟೊತ್ತಿಗೆ ಅಳೆದೆ?"

"ಸಂಜೆ ಸಾರ್. ನಡ್ಕೊಂಡು ಬಂದು, ಒಂದಿಪ್ಪತ್ತು ದಂಡ ಹೊಡೆದು."

"ಇವತ್ತು?"

"ಎದ್ದ ಕೂಡಲೇ."

ಅವರು ಅಪ್ಪನ ಕಡೆ ತಿರುಗಿ ನಕ್ಕರು. ದಂಡ ಹೊಡೆದರೆ ಕೈಗೆ ರಕ್ತ ನುಗ್ಗಿ ಉಬ್ಬುತ್ತದೆ, ಬೆಳಗ್ಗೆ ಇಳಿಯುತ್ತದೆ, ಇದು ಆಟಗಾರನಾದ ನನಗೆ ಗೊತ್ತಿರಬೇಕಾದ ವಿಷಯ. "ಇನ್ನು ನೀನು ಅಳೀಬೇಡ. ಅಳೆಯೋದು ನನ್ನ ಕೆಲಸ" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಮುಚ್ಚಿ ಕೂತಿದ್ದರು. ಇಪ್ಪತ್ತೊಂದರ ಗಂಡಸಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಚಳಿಗಾಲದ ಬೆಳಗುಗಳಲ್ಲಿ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ನಾನು ಪರದಾಡುತ್ತಿದ್ದೆ. ಯಾರಾದರೂ ಸಹಾಯಕ್ಕೆ ಬಂದರೆ ಸಿಡುಕುತ್ತಿದ್ದೆ. ಅಪ್ಪ ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. "ನಿಂತ್ಕೊಳ್ಲಾ, ಬಸ್ಸು ಓಯ್ತದೆ" ಎಂದು ಗದರುತ್ತಾ ಸರಸರ ಗುಂಡಿ ಹಾಕಿಬಿಡುತ್ತಿದ್ದರು. ಬಸ್ಸಿನ ಕೆಲಸವಿಲ್ಲದ ದಿನವೂ ಅದೇ ಗದರಿಕೆ.

ರಂಗಣ್ಣನಿಗೆ ವಿಷಯ ತಿಳಿಸಿದ್ದು ನನ್ನ ಜೊತೆ ಆಡುತ್ತಿದ್ದ ಹುಡುಗರು. ಒಂದು ಭಾನುವಾರ ಸೈಕಲ್ಲು ತುಳಿದುಕೊಂಡು ನಮ್ಮ ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ. ನನ್ನ ಎಡಗೈಯನ್ನು ನೋಡಿದರು, ಮತ್ತೆ ನೆಲ ನೋಡಿದರು.

"ಫ್ಯಾಕ್ಟರೀಲಿ ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಪೀಸ್ ಎಸೀತೀನಿ ಯಜಮಾನ್ರೇ" ಎಂದು ಅಪ್ಪನಿಗೆ ಹೇಳಿದರು. "ಇಲ್ಲಿ ಮೂರು ವರ್ಷ ಬಾಲ ಮಾತ್ರ ನೋಡ್ದೆ. ಮೇಲಿಂದ ಬಕೆಟ್ ಬೇರೆ ಎತ್ತಿಸ್ದೆ ಈ ಕೈಲಿ."

ಪರವಾಗಿಲ್ಲ ರಂಗಣ್ಣ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಕೋಪವಿತ್ತು, ಯಾರ ಮೇಲಾದರೂ ಹಾಕಬೇಕಿತ್ತು, ಅವರು ಸಿಕ್ಕಿದ್ದರು. ಅಪ್ಪನೇ ಹೇಳಿದರು.

"ದಿನಾ ಜತೇಲಿ ಕೂತು ಉಣ್ಣೋನು ನಾನು. ನಂಗೇ ಕಾಣ್ಲಿಲ್ಲ. ನಿಮ್ಗೆಲ್ಲಿಂದ ಕಂಡಾತು. ಕಾಫಿ ಕುಡೀರಿ, ಆರೋಯ್ತದೆ."

ಆ ವರ್ಷದ ಆಯುಧಪೂಜೆಗೆ ನಾನು ಕೋರ್ಟಿಗೆ ಹೋದೆ, ಆಡಲು ಅಲ್ಲ, ಮನೆಯಲ್ಲಿ ಕೂರಲಾಗದೆ. ರಂಗಣ್ಣ ದಾರದ ಉಂಡೆ ತಂದಿರಲಿಲ್ಲ. ಹುಡುಗರು ಕೇಳಿದರೆ ಗದರಿಸಿ ಸುಮ್ಮನಾಗಿಸಿದರು. ನನ್ನ ಸಲುವಾಗಿ ಎಲ್ಲರ ಹಬ್ಬ ಸಪ್ಪೆಯಾಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಎದುರಿನ ಹೂವಿನವಳ ಹತ್ತಿರ ದಾರ ಕಡ ತಂದು ಅವರ ಮುಂದೆ ಹಿಡಿದೆ.

"ಅಳೀರಿ. ಎರಡು ಕೈಗೂ ಬೇರೆ ಬೇರೆ ದಾರ. ಎಲ್ಲರಿಗೂ ಹಾಗೇ ಅಳೀರಿ. ಡಾಕ್ಟ್ರಿಗೆ ಬೇಕು."

ಡಾಕ್ಟರು ಕೇಳಿರಲಿಲ್ಲ. ರಂಗಣ್ಣ ಒಬ್ಬೊಬ್ಬನನ್ನೇ ಕರೆದು ಅಳೆದರು. ಬಾಲದ ಮಾತು ಯಾರೂ ಎತ್ತಲಿಲ್ಲ. ಅಷ್ಟಾದ ಮೇಲೆ ಒಂದು ಬ್ಯಾಟು ನನ್ನ ಕೈಗೆ ಕೊಟ್ಟು, ಚೆಂಡನ್ನು ಬೆರಳಲ್ಲಿ ಹಿಡಿಯುವ ಬದಲು ಅಂಗೈ ಮೇಲೆ ಇಟ್ಟುಕೊಂಡು, ಕೈ ಕೆಳಗೆಳೆದುಕೊಂಡು ಸರ್ವೀಸ್ ಮಾಡುವುದನ್ನು ತೋರಿಸಿದರು. ಮನೆಯಲ್ಲಿ ತಾವೇ ಅಭ್ಯಾಸ ಮಾಡಿಕೊಂಡು ಬಂದಿದ್ದರು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಇಪ್ಪತ್ತು ಸಲದಲ್ಲಿ ನಾಲ್ಕು ದಾಟಿದವು. ಅವರ ಮೇಲಿನ ಕೋಪ ಅಂದೇ ಹೋಯಿತೆಂದು ಹೇಳಲಾರೆ, ಆದರೆ ಮಾರನೇ ದಿನವೂ ಕೋರ್ಟಿಗೆ ಹೋದೆ.

ದಾರಗಳು ಫೈಲು ಸೇರಿದವು. ಎಡಗೈ ಹಿಂದಿನ ವರ್ಷಕ್ಕಿಂತ ಅರ್ಧ ಬೆರಳು ಕಡಿಮೆ, ಬಲಗೈ ಅಷ್ಟೇ. ಅದರ ಮುಂದಿನ ವರ್ಷ ಎಡಗೈಯೂ ಅಷ್ಟೇ, ಬಲಗೈಯೂ ಅಷ್ಟೇ. ಸೂಜಿ ಮತ್ತೆ ಚುಚ್ಚಿದರು. ಬಲಗೈ ಆಗೊಮ್ಮೆ ಈಗೊಮ್ಮೆ ಟಪ್ ಅನ್ನುವುದನ್ನು ಬಿಟ್ಟಿರಲಿಲ್ಲ, ಹೆಚ್ಚೂ ಆಗಿರಲಿಲ್ಲ.

"ನಿಂತ ಹಾಗೆ ಕಾಣುತ್ತೆ" ಎಂದರು ಡಾಕ್ಟರು.

ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅಮ್ಮ ಮೂವತ್ತು ಮನೆಗೆ ಸಿಹಿ ಹಂಚಿದಳು, ಮಕ್ಕಳನ್ನು ಒಳಗೆ ಕರೆದುಕೊಂಡಿದ್ದ ಆಂಟಿಗೂ ಕೊಟ್ಟಳು. ನನಗೆ ಮಾತ್ರ ಆ 'ಕಾಣುತ್ತೆ' ಎನ್ನುವುದು ಸಾಲಲಿಲ್ಲ. ನಿಂತಿದೆ ಅನ್ನಬಹುದಿತ್ತಲ್ಲ. ಆಮೇಲೆ ಪಿ.ಟಿ. ಮೇಷ್ಟ್ರ ತರಬೇತಿ ಮುಗಿಸಿದೆ, ಶಾಲೆ ಸೇರಿದೆ, ಮದುವೆಯಾದೆ. ಹೊರಗಿನಿಂದ ನೋಡಿದವರಿಗೆ ಸುಖವಾಗಿದ್ದೆ. ಒಳಗೆ ಪ್ರತಿ ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲು ಬಲಗೈಯನ್ನು ಮುಷ್ಟಿ ಕಟ್ಟಿ ನೋಡುತ್ತಿದ್ದೆ. ವಾಚು ಕಟ್ಟುವಾಗ ಪಟ್ಟಿ ಎಷ್ಟನೇ ತೂತಿಗೆ ಬಂತೆಂದು ನೋಡುತ್ತಿದ್ದೆ. ಹೆಂಡತಿ ಅದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಡಾಕ್ಟರು ಹೇಳಿದ ಎರಡು ವರ್ಷ ಕಳೆದು ಇನ್ನೂ ನಾಲ್ಕು ವರ್ಷವಾಗಿತ್ತು. ನಾನು ಇನ್ನೂ ನಂಬಿರಲಿಲ್ಲ.

ಆಗ ಡಾಕ್ಟರಿಂದ ಒಂದು ಕಾರ್ಡು ಬಂತು. ನನ್ನ ಪರೀಕ್ಷೆಗಲ್ಲ, ಬಿಡುವಿದ್ದರೆ ಒಂದು ಬೆಳಗ್ಗೆ ಬಂದು ಹೋಗಬೇಕು ಎಂದು ಬರೆದಿದ್ದರು. ಶಾಲೆಗೆ ರಜೆ ಹಾಕಿ ಹೋದೆ. ಅವರ ಕೋಣೆಯಲ್ಲಿ ಕನಕಪುರದ ಕಡೆಯ ಒಬ್ಬ ತಾಯಿ, ಅವಳ ಮಗ. ಹದಿನೆಂಟು ವಯಸ್ಸಿರಬೇಕು, ಕಬಡ್ಡಿ ಆಡುವವನಂತೆ. ಎಡಗೈಗೆ ಟವೆಲ್ಲು ಸುತ್ತಿಕೊಂಡು ಗೋಡೆ ನೋಡುತ್ತಾ ಕೂತಿದ್ದ, ಒಂದು ಕಾಲು ಒಂದೇ ಸಮ ಅಲ್ಲಾಡುತ್ತಿತ್ತು. ಆ ಕಾಲನ್ನು ನೋಡಿದ ಕೂಡಲೇ ನನಗೆ ಅವನ ಕಥೆ ಪೂರ್ತಿ ಗೊತ್ತಾಯಿತು.

"ಇವರು ನಾಗರಾಜ್, ಮೇಷ್ಟ್ರು" ಎಂದರು ಡಾಕ್ಟರು. "ತಾನೇ ನಿಲ್ಲೋದೂ ಉಂಟು ಅಂದ್ರೆ ಈ ತಾಯಿ ಮಗ ನಂಬ್ತಿಲ್ಲ ಮೇಷ್ಟ್ರೇ. ಸ್ವಲ್ಪ ಕೈ ತೋರಿಸ್ತೀರಾ?"

ಅಂಗಿಯ ತೋಳು ಮಡಚಿ ಎಡಗೈ ಮೇಜಿನ ಮೇಲಿಟ್ಟೆ. ಹುಡುಗ ಅದನ್ನು ನೋಡಿ ಮುಖ ಆಚೆ ತಿರುಗಿಸಿದ. ಅವನ ಕೈಯೂ ನಾಳೆ ಹೀಗಾಗುತ್ತದೆ ಎಂದು ತೋರಿಸಲು ಕರೆಸಿದ ಹಾಗಾಯಿತಲ್ಲ ಎಂದು ನನಗೆ ಹಿಂಸೆಯಾಯಿತು. ತಾಯಿ ಮಾತ್ರ ಅದರತ್ತ ನೋಡಲೇ ಇಲ್ಲ.

"ಎಷ್ಟು ವರ್ಸ ಆತಪ್ಪ ನಿಂಗೆ ಬಂದು?"

"ಒಂಬತ್ತು ವರ್ಷ ಅಮ್ಮ."

"ಆ ಕೈ ಕೊಡು ನೋಡಾನ. ಬಲಗೈ."

ಕೊಟ್ಟೆ. ಅವಳು ಅದನ್ನು ಹೊರಳಿಸಿ ನೋಡಿದಳು, ಬೆರಳು ಒಂದೊಂದನ್ನೇ ಒತ್ತಿ ನೋಡಿದಳು, ಮಣಿಕಟ್ಟು ಹಿಡಿದು ನೋಡಿದಳು. ಆಮೇಲೆ ಮಗನ ಬಲಗೈಯನ್ನು ಎಳೆದು ನನ್ನ ಕೈಯೊಳಗೆ ಇಟ್ಟಳು.

"ನೀನೇ ಇಡ್ಕಂಡು ನೋಡ್ಲಾ."

ಹುಡುಗ ಮನಸ್ಸಿಲ್ಲದೆ ಹಿಡಿದ. ಸ್ವಲ್ಪ ತಡೆದು ಗಟ್ಟಿಯಾಗಿ ಹಿಡಿದ. ಕಬಡ್ಡಿಯವನ ಹಿಡಿತ, ನೋವಾಗುವಷ್ಟು. ನನ್ನ ಮುಖವನ್ನೇ ನೋಡುತ್ತಿದ್ದ, ಸುಳ್ಳು ಎಲ್ಲಿ ಸಿಗುತ್ತದೆ ಎಂದು ಹುಡುಕುವವನ ಹಾಗೆ. ನಾನೂ ಹಿಡಿತ ಬಿಗಿ ಮಾಡಿದೆ. ಅವನು ಇನ್ನೂ ಬಿಗಿ ಮಾಡಿದ. ನಾನು ಇನ್ನಷ್ಟು. ಅವನ ಕಾಲು ಅಲ್ಲಾಡುವುದು ನಿಂತಿತ್ತು.

"ಸಾಕು ಬುಡಣ್ಣ, ನೋಯ್ತದೆ" ಎಂದ. ಅವನ ತಾಯಿ ನಕ್ಕಳು.

ನಾನು ಇನ್ನೂ ಸ್ವಲ್ಪ ಹೊತ್ತು ಬಿಡಲಿಲ್ಲ.